ಕಿಂಡಿಯೊಳಗಿನ ಮಂಜು

ಧಾರೆ ಮುಹೂರ್ತಕ್ಕೆ ಇನ್ನು ಹತ್ತೇ ನಿಮಿಷ. ಕ್ಯಾಮೆರಾಕ್ಕೆ ಕಣ್ಣಿಟ್ಟರೆ ವಧೂವರರಿಬ್ಬರೂ ಹೋಮದ ಹೊಗೆಯಲ್ಲಿ ಕರಗಿಹೋದಂತಿದ್ದಾರೆ. ಹೋಮಕುಂಡಕ್ಕೆ ಇನ್ನೂ ಬೆಂಕಿಯೇ ಬಿದ್ದಿಲ್ಲ! ಲೆನ್ಸ್ ಒರೆಸಿದ್ದಾಯಿತು, ಕನ್ನಡಕ ಒರೆಸಿದ್ದಾಯಿತು, ಲೆನ್ಸ್ ಮಾರಿದವನಿಗೆ ಶಾಪ ಹಾಕಿದ್ದೂ ಆಯಿತು. ಹಾಳಾಗಿ ಹೋಗಲೆಂದು ಒಂದು ಕ್ಲಿಕ್ಕಿಸಿ ಹಿಂದಿನ ಪರದೆ ನೋಡಿದರೆ, ವಧುವಿನ ಮೂಗುತಿಯ ಹರಳು ಎಣಿಸಬಹುದು.

ತಪ್ಪು ವ್ಯೂಫೈಂಡರಿನ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ, ಮಗ್ಗುಲಲ್ಲಿ ಕೂತಿರುವ, ಕಡಲೆಕಾಳಿನಷ್ಟಿರುವ ಚಕ್ರದ್ದು. ಹೆಸರು ಡಯಾಪ್ಟರ್; ಕಿಂಡಿಯ ನೋಟವನ್ನು ನೋಡುವವರ ಕಣ್ಣಿನ ನಂಬರಿಗೆ ಹೊಂದಿಸುವುದು ಅದರ ಕೆಲಸ. ಅದು ತಿರುಗಿದರೆ ಕೆಡುವುದು ಕಣ್ಣಿಗೆ ಕಾಣುವುದಷ್ಟೆ. ಆಟೋಫೋಕಸ್‌ಗೆ ಅದರ ಗೊಡವೆಯಿಲ್ಲ. ಬ್ಯಾಗಿನೊಳಗೆ ಉಜ್ಜಿ ತಿರುಗುತ್ತದೆ. "ಭಾವ, ಒಂದ್ಸಲ ಕೊಡಿ" ಎಂದು ಇಸಿದುಕೊಂಡ ಭಾವಮೈದನ ಹೆಬ್ಬೆರಳಿಗೆ ಇನ್ನೂ ಬೇಗ ತಿರುಗುತ್ತದೆ.

ಸರಿಮಾಡಲು ಹೊರಟವರು ಸಾಮಾನ್ಯವಾಗಿ ಎದುರಿನ ತೆಂಗಿನಮರ ನೋಡುತ್ತ ಚಕ್ರ ತಿರುವುತ್ತಾರೆ. ಮರ ಲೆನ್ಸಿನ ಪಾಲಿನ ಕೆಲಸ. ನೋಡಬೇಕಾದ್ದು ಕಿಂಡಿಯೊಳಗಿನ ಅಂಕಿಗಳನ್ನು, ಫೋಕಸ್ ಚೌಕಗಳನ್ನು. ಕ್ಯಾಮೆರಾವನ್ನು ಬಿಳಿ ಗೋಡೆಗೆ ಹಿಡಿದು, ಶಟರ್ ಗುಂಡಿ ಅರ್ಧ ಒತ್ತಿ ಅಂಕಿಗಳನ್ನು ಬೆಳಗಿಸಿ. ಚಕ್ರವನ್ನು ಪ್ಲಸ್ ತುದಿಗೆ ಒಯ್ದು, ಅಲ್ಲಿಂದ ನಿಧಾನವಾಗಿ ಮೈನಸ್ ಕಡೆಗೆ ಬನ್ನಿ. ಅಂಕಿಗಳು ಮೊದಲ ಸಲ ಚೂಪಾದ ಕಡೆಯೇ ನಿಲ್ಲಿಸಿ. ಮೈನಸ್ ತುದಿಯಿಂದ ಶುರುಮಾಡಿದರೆ ಎಳೆಯ ಕಣ್ಣು ತಾನೇ ತಿಣುಕಿ ಹೊಂದಿಕೊಂಡುಬಿಡುತ್ತದೆ. ಎಡವಟ್ಟು ಗೊತ್ತಾಗುವುದು ಸಂಜೆ ತಲೆ ಸಿಡಿಯತೊಡಗಿದಾಗ.

ಕನ್ನಡಕದವರು ಮಾತ್ರ ಮೊದಲೇ ತೀರ್ಮಾನಿಸಬೇಕು: ಹಾಕಿಕೊಂಡೋ, ತೆಗೆದೋ? ಅನೇಕ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಡಿಜಿಟಲ್) ಕ್ಯಾಮೆರಾಗಳ ಚಕ್ರದ ವ್ಯಾಪ್ತಿ ಸುಮಾರು −3ರಿಂದ +1. ಮೈನಸ್ 5ರವರು ಕನ್ನಡಕ ತೆಗೆದು ಎಷ್ಟು ತಿರುವಿದರೂ ಮಂಜೇ. ಸಿಲಿಂಡರ್ (ಅಸಮದೃಷ್ಟಿಯ) ನಂಬರಿದ್ದರಂತೂ ಚಕ್ರ ಕೈಚೆಲ್ಲುತ್ತದೆ, ಅದು ಅದರ ವಿದ್ಯೆಯಲ್ಲ. ಹಾಕಿಕೊಂಡೇ ನೋಡೋಣವೆಂದರೆ ಕಣ್ಣು ದೂರವಾಗಿ ಚೌಕಟ್ಟಿನ ಮೂಲೆಗಳು ಕಾಣವು. ಮೂಲೆಯಲ್ಲಿ ನಿಂತ ಸೋದರತ್ತೆಯ ತಲೆ ಹಾರಿಹೋದದ್ದು ಆಲ್ಬಮ್ ಬಂದಾಗ ಗೊತ್ತಾಗುತ್ತದೆ. ಬೈಫೋಕಲ್ಲಿನವರ ಪಾಡು ಇನ್ನೊಂದು: ಮೇಲಿನಿಂದ ಇಣುಕಿದರೆ ಒಂದು ನಂಬರ್, ಕೆಳಗಿನಿಂದ ಇಣುಕಿದರೆ ಇನ್ನೊಂದು. ಕತ್ತು ಕೊಕ್ಕರೆಯಂತೆ ಆಡುತ್ತಲೇ ಇರುತ್ತದೆ. ಮೇಲಿನ, ದೂರದ ಭಾಗಕ್ಕೇ ಹೊಂದಿಸಿಕೊಂಡು ಅಲ್ಲಿಂದಲೇ ನೋಡುವುದು ವಾಸಿ.

ಕೈಯಿಂದಲೇ ಫೋಕಸ್ ಮಾಡುವ ಹಳೇ ಮ್ಯಾನ್ಯುಯಲ್ ಲೆನ್ಸಿನವರಿಗೆ ಇದು ನಗುವ ವಿಷಯವಲ್ಲ. ಡಯಾಪ್ಟರ್ ತಪ್ಪಿದ್ದಾಗ ಕಣ್ಣನ್ನು ನಂಬಿ ಫೋಕಸ್ ಮಾಡಿದರೆ ಫೋಟೋವೂ ಕೆಡಬಹುದು.

ಸರಿಹೊಂದಿದ ಮೇಲೆ ಚಕ್ರದ ಮೇಲೊಂದು ಚೂರು ಟೇಪ್ ಅಂಟಿಸಿ. ಕೆಲವು ಕ್ಯಾಮೆರಾಗಳಲ್ಲಿ ಹೊರಗೆಳೆದರಷ್ಟೇ ಚಕ್ರ ತಿರುಗುತ್ತದೆ. ಅದನ್ನು ರೂಪಿಸಿದವರಿಗೂ ಭಾವಮೈದಂದಿರು ಇದ್ದಿರಬೇಕು.