ಅರ್ಧ ಇಂಚು ಕಡಿಮೆ ಬಿದ್ದ ಮೀನು

21.5 ಇಂಚು ಬಂತು. 22 ಬೇಕಿತ್ತು.

ಬೋಟಿನ ಹುಡುಗ ಮೀನನ್ನು ಅಳತೆಯ ಹಲಗೆ ಮೇಲೆ ಮಲಗಿಸಿದ. ಅದರ ಬಾಯಿ ಮುಚ್ಚಿಸಿ, ಬಾಲ ನೇರ ಮಾಡಿ ಎರಡು ಸಲ ನೋಡಿದ. ಆಮೇಲೆ ನನ್ನ ಮುಖ ನೋಡಿ 'ಸಾರಿ' ಅಂದ. ಮರುಕ್ಷಣ ಮೀನು ನೀರಲ್ಲಿತ್ತು. ತೋಳು ಸೋಲುವಷ್ಟು ಹೊತ್ತು ಗಾಳದ ದಾರ ಸುತ್ತಿ ಸುತ್ತಿ ಮೇಲೆ ತಂದಿದ್ದೆ. ಒಂದು ಫೋಟೋ ಕೂಡ ಆಗಲಿಲ್ಲ.

ನನಗೆ ಚುರುಕ್ ಅಂದಿತು. ನಾನು ಮಲ್ಪೆಯವನು. ಕಣ್ಣು ಬಿಟ್ಟಾಗಿನಿಂದ ಬಂದರು ನೋಡಿದವನು. ಕೈಗೆ ಸಿಕ್ಕಿದ ಒಳ್ಳೇ ಮೀನನ್ನು ಯಾರಾದರೂ ತಿರುಗಿ ನೀರಿಗೆ ಬಿಟ್ಟದ್ದನ್ನು ಊರಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಇದು ನಡೆದದ್ದು ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ, ಜೂನ್ ತಿಂಗಳ ಒಂದು ಶನಿವಾರ. ಫ್ರೀಮಾಂಟ್‌ನಿಂದ ನಾವು ಮೂವರು ನಸುಕಿನಲ್ಲೇ ಹೊರಟಿದ್ದೆವು. ಒಬ್ಬ ಹಾಸನದವನು, ಇನ್ನೊಬ್ಬ ಮೈಸೂರಿನವನು. ಮೈಸೂರಿನವನು ಮೀನು ಮುಟ್ಟುವುದಿಲ್ಲ. ಸಮುದ್ರ ನೋಡುವ ಆಸೆಗೆ ಬಂದಿದ್ದ, ಜೊತೆಗೆ ಮನೆಯಿಂದ ಪುಳಿಯೋಗರೆ ತಂದಿದ್ದ. ಪಿಲ್ಲರ್ ಪಾಯಿಂಟ್ ಬಂದರು ಮುಟ್ಟುವಾಗ ಮಂಜು ಎಷ್ಟಿತ್ತೆಂದರೆ ದೋಣಿಗಳ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೆ ಡೀಸೆಲ್, ಒದ್ದೆ ಹಗ್ಗ, ಮೀನು, ಉಪ್ಪು ಎಲ್ಲ ಸೇರಿದ ಆ ವಾಸನೆ! ಒಂದು ಗಳಿಗೆ ಮಲ್ಪೆಯಲ್ಲೇ ಇಳಿದ ಹಾಗಾಯಿತು. ಕಣ್ಣು ಮುಚ್ಚಿಕೊಂಡು ಸುಮ್ನೆ ನಿಂತುಬಿಟ್ಟೆ.

ಬೋಟಿನಲ್ಲಿ ಸುಮಾರು ಇಪ್ಪತ್ತು ಜನ. ಎಲ್ಲರ ಹತ್ತಿರವೂ ಮೀನು ಹಿಡಿಯುವ ಲೈಸನ್ಸ್ ಇರಬೇಕು. ಹೌದು, ಒಂದು ಗಾಳ ಇಳಿಸಲಿಕ್ಕೂ ಇಲ್ಲಿ ಲೈಸನ್ಸ್. ಹೊರಡುವ ಮೊದಲು ಕ್ಯಾಪ್ಟನ್ ಲೈಫ್ ಜಾಕೆಟ್ ಎಲ್ಲಿದೆ ಎಂದು ಒಂದೇ ನಿಮಿಷದಲ್ಲಿ ಹೇಳಿ ಮುಗಿಸಿದ. ಮೀನಿನ ನಿಯಮ ಹೇಳಲಿಕ್ಕೆ ಹತ್ತು ನಿಮಿಷ ತೆಗೆದುಕೊಂಡ. ರಾಕ್‌ಫಿಶ್ ಒಬ್ಬರಿಗೆ 10. ಲಿಂಗ್‌ಕಾಡ್ ಒಬ್ಬರಿಗೆ 2, ಅದೂ 22 ಇಂಚಿಗೆ ಕಡಿಮೆ ಇರಬಾರದು. ಹಳದಿ ಕಣ್ಣಿನ ರಾಕ್‌ಫಿಶ್ ಬಿದ್ದರೆ ಮುಟ್ಟಬೇಡಿ, ನಮ್ಮನ್ನು ಕರೆಯಿರಿ ಅಂದ.

ರಾಕ್‌ಫಿಶ್ ನೋಡಲಿಕ್ಕೆ ನಮ್ಮ ಮುರು ಮೀನಿನ ದೂರದ ನೆಂಟನ ಹಾಗಿದೆ. ಕಲ್ಲಿನ ಸಂದಿಯಲ್ಲಿ ವಾಸ, ದೊಡ್ಡ ಬಾಯಿ, ಮುಳ್ಳು ರೆಕ್ಕೆ. ಲಿಂಗ್‌ಕಾಡ್ ಬೇರೆಯೇ ಪ್ರಾಣಿ. ಉದ್ದ ಮೈ, ಬಾಯಿ ತುಂಬ ಹಲ್ಲು. ನನ್ನ ಗಾಳಕ್ಕೆ ನಿಜವಾಗಿ ಬಿದ್ದದ್ದು ಅಂಗೈ ಅಗಲದ ರಾಕ್‌ಫಿಶ್. ಮೇಲೆ ಎಳೆಯುವಾಗ ಅದನ್ನು ನುಂಗಲು ಬಂದ ಲಿಂಗ್‌ಕಾಡ್ ಕಚ್ಚಿದ ಬಾಯಿ ಬಿಡಲೇ ಇಲ್ಲ, ಅದರ ಜೊತೆಗೇ ಮೇಲೆ ಬಂತು. ಅಂಥ ಮೀನು ಅರ್ಧ ಇಂಚಿಗೆ ಹೋಯಿತು. "ಬಿಡು ಗುರು, ಇನ್ನೊಂದು ಸಿಗುತ್ತೆ" ಅಂದ ಹಾಸನದವನು. ನಾನು ಮಾತಾಡಲಿಲ್ಲ.

ಸಿಟ್ಟು ಇಳಿದದ್ದು ಪಕ್ಕದವರ ಗಾಳಕ್ಕೆ ಆ ಹಳದಿ ಕಣ್ಣಿನ ಮೀನು ಬಿದ್ದಾಗ. ಕಿತ್ತಳೆ ಬಣ್ಣದ ಮೈ, ಚಿನ್ನದ ಹಾಗೆ ಹೊಳೆಯುವ ಕಣ್ಣು. ಆಳದಿಂದ ಒಮ್ಮೆಲೇ ಮೇಲೆ ಬಂದದ್ದಕ್ಕೆ ಹೊಟ್ಟೆಯ ಗಾಳಿಚೀಲ ಉಬ್ಬಿ, ಕಣ್ಣು ಹೊರಗೆ ಬಂದ ಹಾಗೆ ಕಾಣುತ್ತಿತ್ತು. ಹಾಗೇ ಬಿಟ್ಟರೆ ಆ ಮೀನಿಗೆ ಕೆಳಗೆ ಹೋಗಲಿಕ್ಕೆ ಆಗುವುದಿಲ್ಲ. ತೇಲುತ್ತಾ ಸಾಯುತ್ತದೆ, ಇಲ್ಲವೇ ಕಡಲಹಕ್ಕಿ ಕುಕ್ಕುತ್ತದೆ. ಹುಡುಗ ಓಡಿ ಬಂದ. ಭಾರ ಕಟ್ಟಿದ ಒಂದು ಕ್ಲಿಪ್ಪನ್ನು ಅದರ ತುಟಿಗೆ ಸಿಕ್ಕಿಸಿ, ದಾರದಲ್ಲಿ ಮೆಲ್ಲನೆ ಕೆಳಗಿಳಿಸಿದ. ಆಳ ಮುಟ್ಟಿದ ಮೇಲೆ ಕ್ಲಿಪ್ಪು ಬಿಟ್ಟುಕೊಂಡಿತು, ಮೀನು ಹೋಯಿತು. ಈ ಜಾತಿ ನೂರು ವರ್ಷ ದಾಟಿಯೂ ಬದುಕುತ್ತದಂತೆ. ನನ್ನ ಅಜ್ಜನ ಕಾಲದ ಮೀನೇ ಆಗಿರಬಹುದು, ಅಲ್ವಾ? ಅದನ್ನು ಮನೆಗೆ ಬಿಟ್ಟುಬಂದ ಹಾಗೆ ಬಿಟ್ಟ ಆ ಹುಡುಗ.

ಆಗ ನೆನಪಾದದ್ದು ಹಿಂದಿನ ಡಿಸೆಂಬರ್. ರಜೆಗೆ ಊರಿಗೆ ಹೋದಾಗ ಅಮ್ಮನ ಜೊತೆ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ಬುಟ್ಟಿ ಬುಟ್ಟಿ ಮರಿ ಬಂಗುಡೆ, ಬೆರಳುದ್ದ. ಪಕ್ಕದಲ್ಲಿ ಗೇಣುದ್ದದ ಅಂಜಲ್ ಮರಿ. ಇನ್ನೊಂದು ವರ್ಷ ಕಡಲಲ್ಲಿ ಇದ್ದಿದ್ದರೆ ಒಂದೊಂದೂ ಮನೆಮಂದಿಗೆಲ್ಲ ಸಾಕಾಗುತ್ತಿತ್ತು. "ಇಷ್ಟು ಸಣ್ಣದ್ದು ಯಾಕೆ ಹಿಡಿಯುತ್ತಾರೆ ಅಕ್ಕ?" ಎಂದು ಕೇಳಿದೆ. "ಬಲೆಗೆ ಬಿದ್ದದ್ದು ತಿರುಗಿ ಹೋಗುತ್ತದಾ ಮಗಾ?" ಅಂದರು ಮಾರುವವರು. ಅದಕ್ಕೂ ಸಣ್ಣದ್ದು ಮಾರ್ಕೆಟ್ಟಿಗೇ ಬರುವುದಿಲ್ಲ. ಲಾರಿ ಹತ್ತಿ ಫಿಶ್ ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ. ಹೈವೇಯಲ್ಲಿ ಆ ಲಾರಿಯ ಹಿಂದೆ ಸಿಕ್ಕಿಬಿದ್ದವರಿಗೆ ಗೊತ್ತು, ರಸ್ತೆಯುದ್ದಕ್ಕೂ ನೀರು ಸೋರಿಸುತ್ತಾ ಹೋಗುವುದು. ನಾಳೆಯ ಬಂಗುಡೆ ಪುಡಿಯಾಗಲಿಕ್ಕೆ ಹೋಗುತ್ತಿರುತ್ತದೆ. ಮೇಲಿಂದ, ಬೂತಾಯಿ ಯಾಕೆ ಸಿಗುವುದಿಲ್ಲ ಎಂದು ಎಲ್ಲರೂ ಕೇಳುತ್ತೇವೆ.

ನಮ್ಮಲ್ಲಿ ಕಾನೂನು ಇಲ್ಲದೆ ಏನಲ್ಲ. ಕರ್ನಾಟಕದ ಕಡಲ ಮೀನುಗಾರಿಕೆ ಕಾಯ್ದೆ 1986ರದ್ದು. ಬೆಳಕು ಹಾಕಿ ಮೀನು ಹಿಡಿಯಬಾರದು, ಎರಡು ಬೋಟು ಸೇರಿ ಒಂದೇ ಬಲೆ (ಬುಲ್ ಟ್ರಾಲ್) ಎಳೆಯಬಾರದು ಅಂತಲೂ ಇದೆ. ರಾತ್ರಿ ಮಲ್ಪೆ ಬೀಚಿನಲ್ಲಿ ನಿಂತು ನೋಡಿದರೆ ದೂರದಲ್ಲಿ ಬೆಳಕು ಕಾಣುತ್ತದೆ. ಅಷ್ಟೇ ಹೇಳುತ್ತೇನೆ.

ಇಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಆ ರಾತ್ರಿ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮಾವ ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು. ಮೊದಲು ಅವರು ಕೇಳಿದ್ದು, "ಬೋಟಲ್ಲಿ ಪೊಲೀಸರು ಇದ್ದರಾ?"

"ಇಲ್ಲ ಮಾವ."

"ಮತ್ತೆ ಯಾಕೆ ಬಿಟ್ಟ?"

ಉತ್ತರ ನನಗೂ ಹೊಳೆಯಲಿಲ್ಲ. ಬಂದರಿಗೆ ಕೆಲವೊಮ್ಮೆ ವಾರ್ಡನ್, ಅಂದರೆ ಮೀನಿನ ನಿಯಮ ನೋಡಿಕೊಳ್ಳುವ ಸರಕಾರಿ ಅಧಿಕಾರಿ, ಬಂದು ಚೀಲ ತೆರೆಸುತ್ತಾರೆ, ದಂಡವೂ ದೊಡ್ಡದೇ. ಆದರೆ ಆ ದಿನ ಯಾರೂ ಇರಲಿಲ್ಲ. ನಡುಕಡಲು, ದಟ್ಟ ಮಂಜು, ಅರ್ಧ ಇಂಚು. ಯಾರು ನೋಡುತ್ತಿದ್ದರು? ಆ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಅವನಿಗೆ ಅದು ನಿಯಮ ಅನ್ನಿಸಿಯೇ ಇರಲಿಲ್ಲ. ನಾವು ಹೊಸ್ತಿಲು ತುಳಿಯದೆ ದಾಟುತ್ತೇವಲ್ಲ, ಹಾಗೆ. ನಮ್ಮ ಬಂದರಲ್ಲೂ ಇಂಥದ್ದನ್ನು ನೋಡಬೇಕೆಂಬ ಆಸೆ ನನಗೆ. ಇದನ್ನು ಮಾವನಿಗೂ ಹೇಳಿದೆ, ಸ್ವಲ್ಪ ಜೋರಾಗಿಯೇ.

ಮಾವ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು, "ಆ ಹುಡುಗನಿಗೆ ಸಂಬಳ ಉಂಟಲ್ಲ. ನಮಗೆ ಪಾಲು. ಮೀನು ಬಿಟ್ಟರೆ ಪಾಲು ಬಿಟ್ಟ ಹಾಗೆ."

ಅದು ನಿಜ. ಅವನಿಗೆ ಮೀನು ಸಿಕ್ಕರೂ ಸಿಗದಿದ್ದರೂ ನಾವು ಕೊಟ್ಟ ಟಿಕೆಟ್ ದುಡ್ಡು, ಟಿಪ್ಸ್ ಇದೆ. ಹತ್ತು ದಿನ ಕಡಲಲ್ಲಿದ್ದು ಬರುವ ನಮ್ಮ ಬೋಟಿನವರಿಗೆ ಡೀಸೆಲ್, ಐಸ್ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ಅವರ ಕೈಗೆ ಸ್ಕೇಲು ಕೊಡುವ ಮೊದಲು ಬಲೆಯ ಕಣ್ಣು ದೊಡ್ಡದಾಗಬೇಕು. ಅದು ಎಲ್ಲ ಬೋಟಿಗೂ ಒಟ್ಟಿಗೇ ಆಗಬೇಕು. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಹಿಡಿದರೆ ಏನು ಬಂತು?

ಇಲ್ಲಿಯವರೂ ಹುಟ್ಟುವಾಗಲೇ ಹೀಗಿರಲಿಲ್ಲ. ಹಾಫ್ ಮೂನ್ ಬೇಯಿಂದ ದಕ್ಷಿಣಕ್ಕೆ ಹೋದರೆ ಮಾಂಟೆರೆ ಸಿಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಸಾಲಾಗಿ ಸಾರ್ಡೀನ್ ಫ್ಯಾಕ್ಟರಿಗಳಿದ್ದವು. ನಮ್ಮ ಬೂತಾಯಿಯ ಬಳಗದ್ದೇ ಮೀನು. ರಾಶಿ ರಾಶಿ ಹಿಡಿದು ಡಬ್ಬಕ್ಕೆ ತುಂಬಿದರು, ಪುಡಿ ಮಾಡಿ ಗೊಬ್ಬರಕ್ಕೂ ಮಾರಿದರು. ಕಡೆಗೆ ಮೀನೇ ಬರಲಿಲ್ಲ, ಫ್ಯಾಕ್ಟರಿಗಳು ಮುಚ್ಚಿದವು. ಈಗ ಆ ಬೀದಿಯಲ್ಲಿ ಹೋಟೆಲುಗಳಿವೆ. ನನ್ನ ಕೈತಪ್ಪಿದ ಲಿಂಗ್‌ಕಾಡ್ ಕೂಡ 1999ರಲ್ಲಿ ಮಿತಿಮೀರಿ ಹಿಡಿದ ಮೀನುಗಳ ಪಟ್ಟಿ ಸೇರಿತ್ತು. ಕಟ್ಟುನಿಟ್ಟು ಮಾಡಿದ ಮೇಲೆ 2005ಕ್ಕೆ ಚೇತರಿಸಿತು. ಆರೇ ವರ್ಷ! ನನಗೆ ಆಸೆ ಹುಟ್ಟಿಸುವ ಲೆಕ್ಕ ಅದೇ.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ನಾನು ಫೋನ್ ಮಾಡಿದ ದಿನ ಮಲ್ಪೆಯ ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಅದನ್ನು ನಮ್ಮವರು ಪಾಲಿಸುತ್ತಾರೆ. ಮಳೆಗಾಲ ಮುಗಿದು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಪೂಜೆ ಮಾಡುವಾಗ ಕೈಮುಗಿದು ನಿಂತ ಮಾವನ ಮುಖ ನನಗೆ ನೆನಪಿದೆ. ಕಡಲಿನ ಮೇಲೆ ಪ್ರೀತಿ ಇಲ್ಲ ಎಂದು ಅವರಿಗೆ ಹೇಳಲಿಕ್ಕೆ ನನ್ನಿಂದಾಗದು.

ಬಂದರಿಗೆ ವಾಪಸಾಗುವಾಗ ಹುಡುಗ ನಮ್ಮ ಮೀನುಗಳನ್ನು ಕೊಯ್ದು ಕೊಟ್ಟ. ಹಾಸನದವನಿಗೆ ಕಡೆಗೂ 26 ಇಂಚಿನ ಲಿಂಗ್‌ಕಾಡ್ ಸಿಕ್ಕಿತ್ತು. ಅದರ ಮಾಂಸ ಹಸಿರು ನೀಲಿ! ಬೆಂದ ಮೇಲೆ ಬೆಳ್ಳಗಾಗುತ್ತದೆ ಅಂದ ಹುಡುಗ, ಹಾಗೇ ಆಯಿತು. ಆದರೆ ಎರಡು ಬದಿಯ ತುಂಡು ತೆಗೆದು ತಲೆ, ಮುಳ್ಳು ಎಲ್ಲ ಹಕ್ಕಿಗಳಿಗೆ ಎಸೆಯುತ್ತಿದ್ದ. ನಾನು ಕೈ ಹಿಡಿದು ನಿಲ್ಲಿಸಿದೆ. ತಲೆ ನನಗೆ ಬೇಕು ಅಂದೆ. ಅಚ್ಚರಿಯಿಂದ ನೋಡಿ, ಉಳಿದ ತಲೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಕೊಟ್ಟ.

ಭಾನುವಾರ ಅದರಲ್ಲೇ ಗಸಿ ಮಾಡಿದೆ. ಫೋಟೋ ನೋಡಿ ಮಾವ ಕೂಡಲೇ ಫೋನ್ ಮಾಡಿದರು. "ತಲೆ ತಂದಿಯಲ್ಲ, ಒಳ್ಳೇದಾಯಿತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಅಳತೆ ಹಲಗೆಯದ್ದೂ ಒಂದು ಫೋಟೋ ಉಂಟಾ?" ಎಂದು ಕೇಳಿದರು.