ಹನಿ ಲೆಕ್ಕದ ಮಹನೀಯರು

ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಇರುವವರು ಹಾಕಿಕೊಳ್ಳುವ ಲಟಾನೊಪ್ರೋಸ್ಟ್ ಹನಿಯ ಬಾಟಲಿ 2.5 ಮಿಲಿಲೀಟರಿನದು. ಮಿಲಿಗೆ 20 ಹನಿ ಅಂತ ಹಿಡಿದರೆ ಒಟ್ಟು 50. ರಾತ್ರಿ ಮಲಗುವ ಮುಂಚೆ ಕಣ್ಣಿಗೊಂದು ಹನಿ, ಎರಡು ಕಣ್ಣು, ಅಲ್ಲಿಗೆ 25 ದಿನ. ಔಷಧಿ ಎಷ್ಟು ದಿನಕ್ಕೆ ಬರುತ್ತದೆ ಅಂತ ವಿಮೆಯವರಿಗೆ ಕಳಿಸುವ ಬಿಲ್ಲಿನಲ್ಲಿ ಬರೆಯಬೇಕು; ಅಮೆರಿಕದ ಔಷಧಿ ಅಂಗಡಿಯವರು ರೂಢಿಬಲದಿಂದ ಕಂಪ್ಯೂಟರಿನಲ್ಲಿ 30 ದಿನ ಅಂತ ಒತ್ತಿದರೋ, ಕೆಟ್ಟರು. ವರ್ಷ ಕಳೆದ ಮೇಲೆ ವಿಮೆ ಕಡೆಯ ಆಡಿಟರು ಬಂದು ಅದನ್ನು ಹೆಕ್ಕಿ ತೆಗೆಯುತ್ತಾರೆ. ಔಷಧಿ ಸರಿ, ಡಾಕ್ಟರು ಸರಿ, ರೋಗಿ ಸರಿ, ರೋಗಿಯ ಕಣ್ಣೂ ಸರಿ. ದಿನದ ಲೆಕ್ಕ ಮಾತ್ರ ತಪ್ಪು. ಹಾಗಾಗಿ ಬಾಟಲಿಗೆ ಕೊಟ್ಟ ದುಡ್ಡು ವಾಪಸ್ ಕೊಡಿ!

ಕೈ ನಡುಗುವ ಅಜ್ಜಿಯ ಕೆನ್ನೆ ಮೇಲೆ ಜಾರಿಹೋದ ಹನಿಗಳನ್ನು ಯಾವ ಖಾತೆಗೆ ಬರೆಯೋದು ಅಂತ ಕೇಳಬೇಡಿ. ಆಡಿಟ್ ಫಾರಂನಲ್ಲಿ ಕೆನ್ನೆಗೆ ಕಾಲಂ ಇಲ್ಲ.

ಇನ್ಸುಲಿನ್ ಕಥೆ ಇನ್ನೂ ರಸವತ್ತಾಗಿದೆ. ಡಬ್ಬಿಯಲ್ಲಿ ಐದು ಪೆನ್, ಒಟ್ಟು 1500 ಯೂನಿಟ್. ದಿನಕ್ಕೆ 20 ಯೂನಿಟ್ ತಗೊಳ್ಳೋರಿಗೆ ಅದು 75 ದಿನ ಬರುತ್ತದೆ. ಎಷ್ಟೋ ಪಾಲಿಸಿಗಳಲ್ಲಿ 75 ಅಂತ ಹಾಕಿದರೆ ವಿಮೆಯವರ ಕಂಪ್ಯೂಟರು ಒಪ್ಪುವುದಿಲ್ಲ, 30ಕ್ಕೆ ಇಳಿಸಿ ಅನ್ನುತ್ತದೆ. ಇಳಿಸಿದರೆ, ವಿಮೆಯವರ ಆಡಿಟರು ಬಂದು 30 ಯಾಕೆ ಹಾಕಿದಿರಿ ಅನ್ನುತ್ತಾರೆ. ಇಂಥ ಕಟ್ಟುನಿಟ್ಟಿಗೆ ಸನ್ಮಾನ ಮಾಡಿ ಶಾಲು ಹೊದಿಸಬೇಕು.

ಈ ಆಡಿಟರನ್ನು ಒಂದು ದಿನದ ಮಟ್ಟಿಗೆ ದಾವಣಗೆರೆಯ ಯಾವುದಾದರೂ ಮೆಡಿಕಲ್ ಸ್ಟೋರಿನಲ್ಲಿ ಕೂರಿಸುವ ಆಸೆ ನನಗೆ. ‘ಗ್ಯಾಸ್ ಆಗಿದೆ ಅಣ್ಣಾ’ ಅಂದರೆ ಕತ್ತರಿ ಹೊರಗೆ ಬರುತ್ತದೆ, ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕಚಕ್. ಎಕ್ಸ್‌ಪೈರಿ ತಾರೀಖು ಇರುವ ತುಂಡು ಅಂಗಡಿಯಲ್ಲೇ ಉಳಿಯುತ್ತದೆ. ಬಿಲ್ ಕೇಳಿದರೆ ‘ಯಾಕೆ ಸಾರ್, ನಂಬಿಕೆ ಇಲ್ವಾ?’ ಅಂತ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಷೆಡ್ಯೂಲ್ ಎಚ್1 ಪಟ್ಟಿಯ ಔಷಧಿಗಳಿಗೆ, ಅಂದರೆ ಕೆಲವು ಆಂಟಿಬಯೋಟಿಕ್, ನಿದ್ದೆ ಮಾತ್ರೆಯಂಥವಕ್ಕೆ, ಬೇರೆ ರಿಜಿಸ್ಟರ್ ಇಡಬೇಕು, ಮೂರು ವರ್ಷ ಕಾಪಾಡಬೇಕು ಅಂತ 2014ರಿಂದ ನಿಯಮ ಇದೆ. ಆಡಿಟರು ಆ ರಿಜಿಸ್ಟರ್ ಕೇಳಲಿ, ಮೊದಲು ಅವರಿಗೊಂದು ಟೀ ಬರುತ್ತದೆ. ಸಂಜೆಯೊಳಗೆ ಅವರೇ ಕತ್ತರಿ ಹಿಡಿದಿರುತ್ತಾರೆ.

ಇರಲಿ. ಅಮೆರಿಕದಲ್ಲಿ ಈ ಆಡಿಟ್ ಮಾಡಿಸುವವರು ಯಾರು? ಪಿಬಿಎಂ ಅನ್ನುವ ಮಧ್ಯವರ್ತಿಗಳು, ವಿಮೆಯವರ ಪರವಾಗಿ ಔಷಧಿ ಬಿಲ್ಲುಗಳ ವ್ಯವಹಾರ ನೋಡಿಕೊಳ್ಳುವ ಕಂಪನಿಗಳು. ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್, ಈ ಮೂವರ ಕೈಯಲ್ಲೇ ಆ ದೇಶದ ಔಷಧಿ ಚೀಟಿಗಳ ಹತ್ತಿರ ಹತ್ತಿರ 80 ಪರ್ಸೆಂಟ್ ಇದೆ. ಕೇರ್‌ಮಾರ್ಕ್ ಇರುವುದು ಸಿವಿಎಸ್ ಮನೆಯಲ್ಲಿ. ಸಿವಿಎಸ್‌ಗೆ ಸಾವಿರಾರು ಔಷಧಿ ಅಂಗಡಿ, ಜೊತೆಗೆ ಏಟ್ನಾ ಅನ್ನುವ ವಿಮಾ ಕಂಪನಿ. ಎದುರು ಹೋಟೆಲಿನವರೇ ಬಂದು ನಿಮ್ಮ ಸಾಂಬಾರಿಗೆ ಎಷ್ಟು ಬೇಳೆ ಹಾಕಿದಿರಿ ಅಂತ ಲೆಕ್ಕ ನೋಡಿ, ದಂಡವನ್ನೂ ಅವರೇ ಇಟ್ಟುಕೊಂಡು ಹೋದ ಹಾಗೆ.

ಇದನ್ನು ನೋಡಲಾರದೆ ರಾಜ್ಯಗಳು ಒಂದೊಂದಾಗಿ ಕಾನೂನು ಮಾಡಿದವು. ಜಾರ್ಜಿಯಾದ ಕಾನೂನಿಗೆ, ಅಮೆರಿಕದ ಸಂವಿಧಾನದ ಹಕ್ಕುಗಳ ಪಟ್ಟಿಯ ಹೆಸರನ್ನೇ ಎರವಲು ತಂದು, ‘ಫಾರ್ಮಸಿ ಆಡಿಟ್ ಬಿಲ್ ಆಫ್ ರೈಟ್ಸ್’ ಅಂತಲೇ ಹೆಸರು. ವಾಕ್ ಸ್ವಾತಂತ್ರ್ಯದ ಸಾಲಿನಲ್ಲಿ ಈಗ ತಿಂಗಳ ಮೊದಲ ಏಳು ದಿನ ಆಡಿಟ್ ಇಲ್ಲದ ಸ್ವಾತಂತ್ರ್ಯವೂ ಸೇರಿದೆ. ಎಂಟನೇ ತಾರೀಖು ಬರಬಹುದು. ಟೈಪಿಂಗ್ ತಪ್ಪು ತನ್ನಷ್ಟಕ್ಕೆ ತಾನೇ ಮೋಸ ಅಲ್ಲ ಅಂತಲೂ ಅಲ್ಲಿ ಬರೆದಿದ್ದಾರೆ. ಇದನ್ನು ಹೇಳಲು ಶಾಸನಸಭೆ ಸೇರಬೇಕಾಯಿತು! ನೂರು ಚೀಟಿಯಲ್ಲಿ ಎರಡು ತಪ್ಪು ಸಿಕ್ಕರೆ ಹತ್ತು ಸಾವಿರಕ್ಕೆ ಇನ್ನೂರು ಅಂತ ತ್ರೈರಾಶಿಕ ಹಾಕಿ ವಸೂಲಿ ಮಾಡಬೇಡಿ ಅಂತ ಹಲವು ರಾಜ್ಯಗಳು ಹೇಳಿದವು. ವಸೂಲಾದದ್ದರಲ್ಲಿ ಇಷ್ಟು ಪರ್ಸೆಂಟ್ ಅಂತ ಆಡಿಟರಿಗೆ ಕೊಡಬೇಡಿ ಅಂತ ಕೆಲವು ಬರೆದವು. ಅಂದರೆ ಮುಂಚೆ ಏನು ನಡೆಯುತ್ತಿತ್ತು ಅಂತ ನೀವೇ ಊಹಿಸಿ.

ಬಾಗಿಲು ಹಾಕಿದ ಮೇಲೆ ಕಿಟಕಿ ಇದ್ದೇ ಇರುತ್ತದಲ್ಲ. ಮೋಸದ ತನಿಖೆ ಅಂದರೆ ಜಾರ್ಜಿಯಾದ ಈ ರಕ್ಷಣೆ ಅನ್ವಯಿಸದು. ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆ, ಕೇಂದ್ರದ ವಿಷಯ, ರಾಜ್ಯ ಸುಮ್ಮನಿರಬೇಕು. ಕಂಪನಿಯವರು ನೌಕರರಿಗೆ ಕೊಡುವ ವಿಮೆ ಅಂದರೆ, ಅಲ್ಲಿ ರಾಜ್ಯದ ಕಾನೂನು ನಡೆಯದು ಅಂತ ಕೇಂದ್ರದ 1974ರ ಎರಿಸಾ ಕಾನೂನು ತೋರಿಸುತ್ತಾರೆ. ಅರ್ಕಾನ್ಸಾ ರಾಜ್ಯ ತನ್ನ 2015ರ ಪಿಬಿಎಂ ಕಾನೂನು ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2020ರ ಡಿಸೆಂಬರಿನಲ್ಲಿ 8-0 ಗೆದ್ದಿತು. ಪಟಾಕಿ ಹೊಡೆದವರ ಕೈ ಆರುವ ಮುಂಚೆ, 2023ರಲ್ಲಿ, ಒಕ್ಲಹೋಮಾದ ಪಿಬಿಎಂ ಕಾನೂನಿನ ಒಂದಿಷ್ಟು ಭಾಗವನ್ನು ಮೇಲ್ಮನವಿ ಕೋರ್ಟು ಹೊಡೆದುಹಾಕಿತು. 2025ರಲ್ಲಿ ಅರ್ಕಾನ್ಸಾ ಮತ್ತೆ ಎದ್ದು, ಪಿಬಿಎಂಗಳು ಔಷಧಿ ಅಂಗಡಿ ಇಟ್ಟುಕೊಳ್ಳಲೇಬಾರದು ಅಂದಿತು. ಜುಲೈನಲ್ಲಿ ಫೆಡರಲ್ ಜಡ್ಜು ತಡೆ ಕೊಟ್ಟರು.

ಮೆಡಿಕೇರಿನಲ್ಲಿ ಮಾತ್ರೆ ಮಾರಿ ತಿಂಗಳುಗಟ್ಟಲೆ ಆದ ಮೇಲೆ ವಿಮೆಯವರೂ ಪಿಬಿಎಂನವರೂ ಅಂಗಡಿಯವರಿಂದ ‘ಡಿಐಆರ್’ ಅನ್ನುವ ಕಡಿತದ ಹೆಸರಲ್ಲಿ ಕೊಟ್ಟ ದುಡ್ಡು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಸರ್ಕಾರದ್ದೇ ಲೆಕ್ಕದ ಪ್ರಕಾರ 2010ರಿಂದ 2020ರೊಳಗೆ ಅದು ಏರಿದ್ದು ಶೇಕಡಾ 1,07,400. ಅಚ್ಚಿನ ತಪ್ಪಲ್ಲ, ಇನ್ನೊಮ್ಮೆ ಓದಿ. ಹನಿ ಎಣಿಸುವ ಮಹನೀಯರು ಈ ಸಂಖ್ಯೆಯನ್ನು ಹತ್ತು ವರ್ಷ ಬೆಳೆಯಲು ಬಿಟ್ಟರು. ಮಾರಾಟದ ಹೊತ್ತಿಗೇ ಆ ಕಡಿತ ಲೆಕ್ಕಕ್ಕೆ ಬರಬೇಕು ಅಂತ ನಿಯಮ ಜಾರಿಯಾದದ್ದು 2024ರಲ್ಲಿ.

ನಗಿಸೋಣ ಅಂತ ಕೂತೆ, ಇಲ್ಲಿಗೆ ಬರುವ ಹೊತ್ತಿಗೆ ನಗೆ ಬತ್ತಿಹೋಗಿದೆ. ಕಳ್ಳ ಬಿಲ್ ಮಾಡುವ ಅಂಗಡಿಗಳು ಇಲ್ಲ ಅಂತ ಯಾರೂ ಹೇಳುತ್ತಿಲ್ಲ, ಹಿಡಿಯಿರಿ, ಒಳಗೆ ಹಾಕಿ. ಆದರೆ ಡಾಕ್ಟರು ಬರೆದದ್ದು ಇದೇ ಔಷಧಿ, ರೋಗಿಗೆ ತಲುಪಿದ್ದೂ ಇದೇ ಔಷಧಿ, ಅಂಗಡಿಯವರು ಕೈಯಿಂದ ದುಡ್ಡು ಹಾಕಿ ತರಿಸಿ ಕೊಟ್ಟಿದ್ದಾರೆ. ಒಂದು ಅಂಕಿ ತಪ್ಪಿದ್ದಕ್ಕೆ ಅಷ್ಟೂ ದುಡ್ಡು ಕಿತ್ತುಕೊಳ್ಳೋದಕ್ಕೆ ಆಡಿಟ್ ಅಂತೀರಲ್ಲ, ನಿಮ್ಮ ಲೆಕ್ಕ ಯಾರು ನೋಡಬೇಕು ಸ್ವಾಮಿ?