ಆಕ್ಟೇನ್ ಭಾವ

ನಮ್ಮ ಭಾವ ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರು ತಗೊಂಡ ಮೇಲೆ ಮನೆಯಲ್ಲಿ ಮಾತೇ ಬದಲಾಗಿದೆ. ಮೊದಲೆಲ್ಲ ಸೈಟು, ಶುಗರ್ರು, ಮಗಳ ಸಿಇಟಿ ರ‍್ಯಾಂಕು. ಈಗ ಟಾರ್ಕು, ಟರ್ಬೊ, ಆಕ್ಟೇನು. "ಸೊನ್ನೆಯಿಂದ ನೂರಕ್ಕೆ ಆರೇ ಸೆಕೆಂಡು" ಅಂತ ಗಾಡಿ ಪೂಜೆಗೆ ಬಂದ ಪುರೋಹಿತರಿಗೂ ಹೇಳಿದರು. ಸಿಲ್ಕ್ ಬೋರ್ಡ್ ಹತ್ತಿರ ಇರುವವರು ಅದನ್ನು ಎಲ್ಲಿ ಓಡಿಸಿ ನೋಡಿದರೋ, ಪುರೋಹಿತರು ಕೇಳಲಿಲ್ಲ. ದೊಡ್ಡವರು.

ಮೊನ್ನೆ ಮಾರತ್ತಹಳ್ಳಿಯಲ್ಲಿ ಒಂದು ರಿಸೆಪ್ಷನ್ನು. ದಾರಿಯಲ್ಲಿ ಬಂಕಿಗೆ ಹೋದೆವು.

"ನಾರ್ಮಲ್ಲಾ, ಪವರ್ರಾ ಸಾರ್?" ಅಂದ ಹುಡುಗ. ಪವರ್ ಅಂದರೆ ದುಬಾರಿ ಪೆಟ್ರೋಲು.

ಭಾವ ಕಾರಿಂದ ಇಳಿದರು. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಟ್ಯಾಂಕ್ ಮುಚ್ಚಳದ ಒಳಗೆ ನೋಡಪ್ಪ, ಆಕ್ಟೇನ್ 95 ಅಂತಿದೆ. ಸಾದಾ ಪೆಟ್ರೋಲು ಮೊದಲೆಲ್ಲ 91 ಇತ್ತು. ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ, ತಾಳ್ಮೆ. ಸಿಲಿಂಡರಲ್ಲಿ ಎಷ್ಟು ಒತ್ತಿದ್ರೂ ಸ್ಪಾರ್ಕ್ ಬರೋ ತನಕ ತಾನಾಗೇ ಹೊತ್ಕೋಬಾರ್ದು. ಟರ್ಬೊ ಗಾಳಿ ಒತ್ತಿ ತುಂಬುತ್ತೆ, ಒತ್ತಡ ಜಾಸ್ತಿ, ಅಲ್ವಾ?"

ಹಿಂದೆ ನಿಂತಿದ್ದ ಕ್ಯಾಬ್ ಡ್ರೈವರನ ಆಕ್ಟೇನ್ ಅಷ್ಟಿರಲಿಲ್ಲ. ಹಾರ್ನ್ ಮೇಲಿಂದ ಕೈಯೇ ತೆಗೆಯಲಿಲ್ಲ.

"ಸಾದಾ ಹಾಕಿದ್ರೆ ಏನಾಗುತ್ತೆ ಭಾವ?" ಅಂದೆ.

"ತಾನಾಗೇ ಹೊತ್ಕೊಂಡ್ರೆ ನಾಕ್ ಸೆನ್ಸರ್‌ಗೆ ಗೊತ್ತಾಗುತ್ತೆ ಕಣೋ. ಸ್ಪಾರ್ಕ್ ತಡ ಮಾಡುತ್ತೆ, ಪವರ್ ಇಳಿಯುತ್ತೆ. ಅದರ ಮೇಲೆ ಶೇ. 20 ಎಥೆನಾಲ್ ಬೇರೆ. ಆಕ್ಟೇನೇ ಹಾಳು!"

"ಎಥೆನಾಲಿಂದ ಆಕ್ಟೇನ್ ಏರುತ್ತೆ ಸಾರ್. ಇಳಿಯೋದು ಮೈಲೇಜು" ಅಂದ ಹುಡುಗ, ಕೈಯಲ್ಲಿ ಪೈಪು ಹಿಡಿದುಕೊಂಡೇ. "ಜೀರೋ ನೋಡಿ."

ಭಾವ ಜೀರೋ ನೋಡಿದರು. ಪವರ್ರೇ ಹಾಕಿಸಿದರು.

ಆಮೇಲೆ ರಿಂಗ್ ರೋಡು. ಅಗರದಿಂದ ಇಬ್ಬಲೂರಿನ ತನಕ ಆ ಎಂಜಿನ್ ಮಾಡಿದ ಕೆಲಸ ಅಂದರೆ ಆಫ್ ಆಗೋದು, ಆನ್ ಆಗೋದು. ನಿಂತರೆ ಪೆಟ್ರೋಲ್ ಉಳಿಸಲು ತಾನೇ ಆಫ್ ಆಗುತ್ತೆ. ಒಳಗೆ ಸೆಕೆ ಏರಿದರೆ ಎಸಿಗಾಗಿ ಮತ್ತೆ ಗುರ್ ಅನ್ನುತ್ತೆ. ಗುರ್ ಅಂದಾಗಲೆಲ್ಲ ಭಾವನ ಕಣ್ಣು ಮೈಲೇಜ್ ಮೇಲೆ. ಏಳು ಇದ್ದದ್ದು ಆರಾಯಿತು, ಐದೂವರೆ ಆಯಿತು. ಕೊನೆಗೆ ತಡೆಯಲಾರದೆ ಎಸಿ ಆಫ್ ಮಾಡಿಬಿಟ್ಟರು. ಗಾಜು ಇಳಿಸುವ ಹಾಗಿಲ್ಲ, ಕೆನೆ ಬಣ್ಣದ ಲೆದರ್ ಸೀಟಿಗೆ ಧೂಳು ಕೂರುತ್ತೆ. ಅಕ್ಕ ಮೈಸೂರು ಸಿಲ್ಕ್ ಉಟ್ಟಿದ್ದಳು. ಮಲ್ಲಿಗೆ ಆಗಲೇ ಬಾಡಿತ್ತು.

ಭಾವ ಮಾತು ಬದಲಿಸಿದರು. "ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ ಗೊತ್ತಾ? ಇಲ್ಲಿ ಗಾಳಿ ತೆಳು. ಟರ್ಬೊ ಇಲ್ಲದಿದ್ರೆ ಎಂಜಿನ್‌ಗೆ ಉಸಿರು ಸಾಲಲ್ಲ."

"ಕಾರೊಳಗೂ ಅಷ್ಟೇ" ಅಂತ ಅಕ್ಕ ಬಾಗಿಲು ತೆಗೆದು ಇಳಿದೇಬಿಟ್ಟಳು. ಪಕ್ಕದಲ್ಲೇ ಒಂದು ಖಾಲಿ ಆಟೋ. ಅದು ಎರಡು ಬಸ್ಸುಗಳ ಸಂದಿಯಲ್ಲಿ ನುಸುಳಿ ಮಾಯವಾಯಿತು.

ನಾವು ಛತ್ರ ಮುಟ್ಟುವ ಹೊತ್ತಿಗೆ ಅಕ್ಕ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿದ್ದಳು. ಭಾವ ಇನ್ನೂ ಪಾರ್ಕಿಂಗ್ ಹುಡುಕುತ್ತಿದ್ದರು. ಪಕ್ಕದ ಕುರ್ಚಿ ತೋರಿಸಿ, "ಕೂತ್ಕೋ" ಅಂದಳು. ಆಮೇಲೆ ಮೆಲ್ಲಗೆ, "ಆಟೋದವನು ಮೀಟರ್ ಮೇಲೆ 50 ಜಾಸ್ತಿ ತಗೊಂಡ. ನಿಮ್ಮ ಭಾವಂಗೆ ಹೇಳಬೇಡ, ದುಂದು ಅಂತಾರೆ."